ಒಂದು ಪೆಟ್ಟಿಗೆಗೆ ಒಂದೇ ಮಾತು

ಮನೆ ಬದಲಾಯಿಸುವವರಿಗೆ ಸಲಹೆ ಕೊಡುವ ಜನಕ್ಕೆ ಎಂದೂ ಬರ ಬಂದದ್ದಿಲ್ಲ. ಸೋಫಾದ ಇನ್ನೊಂದು ತುದಿ ಹಿಡಿಯುವವರಿಗೆ ಮಾತ್ರ ಬರ. ನಾವು ಮನೆ ಬದಲಾಯಿಸಿದ ದಿನ ಸಲಹೆಯ ಖಾತೆಯನ್ನು ನಮ್ಮ ಭಾವ ಯಾರೂ ಕೇಳದೆಯೇ ವಹಿಸಿಕೊಂಡರು. ದೊಡ್ಡ ಕಚೇರಿಯೊಂದನ್ನು ಆಳಿ ನಿವೃತ್ತರಾದವರು. ಮನೆಯಲ್ಲಿ ಆಳಿಸಿಕೊಳ್ಳಲು ಯಾರೂ ಒಪ್ಪದೆ ಅವರಿಗೆ ಕೈ ಕಟ್ಟಿಹಾಕಿದಂತಾಗಿತ್ತು. ಅಳತೆಪಟ್ಟಿ ಹಿಡಿದು ಕೋಣೆ ಕೋಣೆ ಓಡಾಡಿ, ನಮ್ಮ ಮರದ ಬೀರು ಜಪ್ಪಯ್ಯ ಅಂದರೂ ಒಂದೇ ಲಾರಿಯಲ್ಲಿ ಹಿಡಿಸುವುದಿಲ್ಲ, ಎರಡನೆಯ ಲಾರಿ ತರಿಸಲೇಬೇಕು ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಲಾರಿ ಅಕ್ಕ ಬಂದರು. ಊರಿಗೆಲ್ಲ ಅವರು ಲಾರಿ ಅಕ್ಕನೇ. ಅವರಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಾರೆ. ಐವತ್ತು ದಾಟಿದ, ಗಿಡ್ಡಗೆ ಗಟ್ಟಿಮುಟ್ಟಾದ ಹೆಂಗಸು. ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್ ಇರುತ್ತದೆ, ಅದರಿಂದ ಅವರು ಏನಾದರೂ ಬರೆದದ್ದನ್ನು ಕಂಡವರಿಲ್ಲ. ಪ್ರತಿ ಕೋಣೆಯ ಬಾಗಿಲಲ್ಲಿ ಅರೆಗಳಿಗೆ ನಿಂತರು, ಅಡುಗೆಮನೆಯಲ್ಲಿ ಒಂದು ಲೋಟ ನೀರು ಕೇಳಿ ಕುಡಿದರು, ಆಮೇಲೆ ಬೀದಿಗಿಳಿದು ಖಾಲಿ ಲಾರಿಯ ಹಿಂದೆ ಕೈಕಟ್ಟಿ ನಿಂತುಬಿಟ್ಟರು. ಸುಮ್ಮನೆ ನಿಂತದ್ದೇ. ಲಾರಿಯ ಮುಂದಿನ ಸೀಟಿನಿಂದ ಅವರ ತಂದೆ ನಿಧಾನಕ್ಕೆ ಇಳಿದು ಬಂದು, ನಮ್ಮ ಅಡುಗೆಮನೆಯದೇ ಒಂದು ಸ್ಟೂಲು ಎಳೆದುಕೊಂಡು ಮಗಳ ಪಕ್ಕದಲ್ಲಿ ಕೂತರು. ತುಂಬಾ ವಯಸ್ಸಾದವರು. ಕೆಲಸವಿದ್ದ ಕಡೆಗೆಲ್ಲ ಈಗಲೂ ಬರುತ್ತಾರಂತೆ.

ಭಾವ ಅಳತೆಪಟ್ಟಿಯ ಸಮೇತ ಅವರ ಕಡೆ ನಡೆದರು. ಅಲ್ಲಿ ಏನಾಯಿತೆಂದು ಕೊನೆಗೆ ಹೇಳುತ್ತೇನೆ. ಅದರ ಸ್ವಾರಸ್ಯ ಗೊತ್ತಾಗಬೇಕಾದರೆ ಮೊದಲು ಆ ಮನೆಯವರ ಕಥೆ ಗೊತ್ತಿರಬೇಕು. ಅದನ್ನು ನನಗೆ ಹೇಳಿದ್ದು ಲಾರಿ ಅಕ್ಕನ ಅಣ್ಣ, ಅಕ್ಕ ಸ್ವತಃ, ಮತ್ತು ಮೂರನೆಯದಾಗಿ ಆ ತಂದೆ. ತಂದೆಯ ಪಾಠಾಂತರ ಉಳಿದೆರಡಕ್ಕೆ ಎಲ್ಲೂ ಹೊಂದುವುದಿಲ್ಲವಾದ್ದರಿಂದ ನಾನು ಮೊದಲಿನ ಇಬ್ಬರನ್ನೇ ನಂಬಿದ್ದೇನೆ. ಕಥೆ ನಡೆದಾಗ ಅಕ್ಕ ಇನ್ನೂ ಶಾಲೆಗೆ ಹೋಗುವ ಹುಡುಗಿ. ಹಾಗಾಗಿ ಸ್ವಲ್ಪ ಹೊತ್ತು ಮರ್ಯಾದೆಯ ಬಹುವಚನ ಪಕ್ಕಕ್ಕಿಟ್ಟು ‘ಅವಳು’ ಅನ್ನುತ್ತೇನೆ.

ಅವಳ ಅಪ್ಪನ ಹತ್ತಿರ ಆಗ ಇದ್ದದ್ದು ಒಂದು ಲಾರಿ, ಮೂರು ಮಕ್ಕಳು, ಮತ್ತು ಎಲ್ಲ ವಿಷಯದಲ್ಲೂ ಒಂದು ಖಡಾಖಂಡಿತ ಅಭಿಪ್ರಾಯ. ಲಾರಿ ಆಗಾಗ ಕೆಟ್ಟು ನಿಲ್ಲುತ್ತಿತ್ತು. ಅಭಿಪ್ರಾಯ ಎಂದೂ ಕೆಟ್ಟು ನಿಂತದ್ದಿಲ್ಲ. ಜನರ ಮನೆಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಅವನ ಕಸುಬು. ರಟ್ಟಿನ ಪೆಟ್ಟಿಗೆಗಳಲ್ಲಿ ಸಾಮಾನು ತುಂಬುವುದು ಹೆಂಡತಿ, ಹೊರುವುದು ಹಮಾಲಿಗಳು, ಪೆಟ್ಟಿಗೆಯ ಮೇಲೆ ದಪ್ಪ ಬ್ರಷ್ಷಿನಿಂದ ಕಪ್ಪು ಬಣ್ಣದಲ್ಲಿ ಬರೆಯುವುದು ಮಾತ್ರ ಅವನೇ. ಗಾಜು, ಪುಸ್ತಕ, ಪಾತ್ರೆ, ಬಟ್ಟೆ. ಒಂದು ಪೆಟ್ಟಿಗೆಗೆ ಒಂದೇ ಮಾತು ಎಂಬುದು ಅವನ ದಂಧೆಯ ಮೂಲಸೂತ್ರ. ಎರಡು ಮಾತು ಬರೆದರೆ ಹಮಾಲಿ ಓದುತ್ತ ನಿಲ್ಲುತ್ತಾನೆ, ಓದುತ್ತ ನಿಂತರೆ ಸೊಂಟ ಹಿಡಿಯುತ್ತದೆ, ಅನ್ನುತ್ತಿದ್ದ. ಪೆಟ್ಟಿಗೆ ತುಂಬುವ ಮೊದಲೇ ಎಷ್ಟೋ ಸಲ ಬರೆದಿಟ್ಟುಬಿಡುತ್ತಿದ್ದ. ‘ಪುಸ್ತಕ’ ಎಂದು ಬರೆದ ಪೆಟ್ಟಿಗೆಯೊಳಗೆ ಚಮಚಗಳು ಗಲಗಲ ಅನ್ನುತ್ತಿದ್ದರೂ ಅದು ಅವನ ಲೆಕ್ಕದಲ್ಲಿ ಪುಸ್ತಕವೇ.

ಮಕ್ಕಳ ಮೇಲೂ ಅವನು ಹೀಗೆಯೇ ಬರೆದಿದ್ದ. ದೊಡ್ಡ ಮಗ ಮಾತು ಕಲಿತ ಹೊಸತರಲ್ಲೇ ಬೀದಿಯ ಅಂಗಡಿಗಳ ಬೋರ್ಡು ಓದಿದ. ಅವನ ಮೇಲೆ ‘ಬುದ್ಧಿ’ ಎಂದು ಬಿತ್ತು. ಎರಡನೆಯವಳು, ನಮ್ಮ ಲಾರಿ ಅಕ್ಕ, ಅಳದೆ ಕೂಗದೆ ಹೇಳಿದ್ದನ್ನು ತಂದುಕೊಡುತ್ತಿದ್ದಳು, ಅವಳು ‘ಸಹಾಯ’. ಮೂರನೆಯದು ಹುಟ್ಟಿದ ದಿನದಿಂದಲೇ ಮನೆಯನ್ನು ತಲೆಯ ಮೇಲೆ ಹೊತ್ತು ಕುಣಿಸುತ್ತಿದ್ದ ಪುಟ್ಟ ಹುಡುಗಿ, ಅವಳು ‘ಗಲಾಟೆ’. ಮಕ್ಕಳನ್ನು ಆ ಹೆಸರುಗಳಿಂದಲೇ ಕರೆಯುವುದು ಮನೆಯಲ್ಲಿ ರೂಢಿಯಾಯಿತು. ಅಂಗಡಿಯವನೂ ‘ಸಹಾಯ ಬಂತಾ, ಏನ್ ಕೊಡ್ಲಮ್ಮಾ’ ಅನ್ನುತ್ತಿದ್ದ.

ದೊಡ್ಡವನು ನಿಜಕ್ಕೂ ಬುದ್ಧಿವಂತನೇ. ಅದರಲ್ಲಿ ಮೋಸವಿರಲಿಲ್ಲ. ಲೆಕ್ಕ ಅವನ ತಲೆಯಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತಿತ್ತು, ಓದಿದ ಪುಟ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಯಾರದೋ ಮನೆಯ ಬಾಗಿಲಲ್ಲಿ ನುಸುಳದೆ ಉಳಿದ ಒಂದು ದೊಡ್ಡ ಮೇಜನ್ನು ಅಪ್ಪ ಅವನಿಗೆಂದೇ ತಂದು, ಮನೆಗಿದ್ದ ಒಂದೇ ಕಿಟಕಿಯ ಕೆಳಗೆ ಗೋಡೆಗೆ ಒತ್ತಿಸಿ ಹಾಕಿದ. ಮಗ ಅಲ್ಲಿ ಕೂತ ಕ್ಷಣದಿಂದ ಮನೆಯಲ್ಲಿ ಗಾಳಿ ಕೂಡ ಕೇಳಿಕೊಂಡು ಬೀಸಬೇಕು. ಯಾರಾದರೂ ಬಾಯಿ ತೆರೆದರೆ ಅಪ್ಪ ತೋರುಬೆರಳನ್ನು ಮೂಗಿನ ಮುಂದೆ ನೆಟ್ಟಗೆ ಎತ್ತಿ, ಪಿಸುಗುಟ್ಟುತ್ತಿದ್ದ: “ಸದ್ದು. ಒಳಗೆ ಯೋಚನೆ ಮಾಡ್ತಾ ಇದಾನೆ.” ಆ ಪಿಸುಮಾತು ಎದುರುಮನೆಗೂ ಕೇಳುತ್ತಿತ್ತು. ಪಾಪ, ಹುಡುಗನಿಗೆ ಇದರಿಂದ ಮುಜುಗರವೇ ಹೆಚ್ಚು. ಅವನು ಯೋಚಿಸುತ್ತಿದ್ದದ್ದು ಬಹಳ ಸಲ ಹಸಿವಿನ ಬಗ್ಗೆ. ಆದರೆ ಇಷ್ಟು ಮೌನದ ನಡುವೆ ಎದ್ದು ಹೋಗಿ ತಿಂಡಿ ಕೇಳುವುದು ಹೇಗೆ?

ಅಮ್ಮ ಒಳಕೋಣೆಯಲ್ಲಿ ಗಾಜಿನ ಲೋಟ, ಪಿಂಗಾಣಿ ತಟ್ಟೆಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು. ಸುತ್ತುವ ಮೊದಲು ಓದದೆ ಬಿಡುತ್ತಿರಲಿಲ್ಲ. ಹೀಗಾಗಿ ಅವಳಿಗೆ ಲೋಕದ ಸುದ್ದಿಯೆಲ್ಲ ಗೊತ್ತಿತ್ತು, ಎರಡು ಮೂರು ವರ್ಷ ತಡವಾಗಿ. ಯಾವುದೋ ಕಾಲದಲ್ಲಿ ಬಿದ್ದುಹೋದ ಸರಕಾರ ಬೀಳಬಹುದೆಂದು ಅವಳು ಆತಂಕದಿಂದ ಹೇಳಿದರೆ ಮನೆಯವರು ಆತಂಕದಿಂದಲೇ ಕೇಳುತ್ತಿದ್ದರು.

ಇನ್ನು ಸಹಾಯ. ಅವಳ ಜಾಗ ಹಿತ್ತಲಿನ ಶೆಡ್ಡು. ಖಾಲಿ ಪೆಟ್ಟಿಗೆಗಳು ಅಲ್ಲಿ ಗುಡ್ಡವಾಗಿ ಬಿದ್ದಿರುತ್ತಿದ್ದವು. ಅವಳು ಸ್ವಲ್ಪ ಹೊತ್ತು ನೋಡಿ, ಇದರೊಳಗೆ ಅದನ್ನು, ಅದರೊಳಗೆ ಇನ್ನೊಂದನ್ನು ಕೂರಿಸುತ್ತ ಹೋದರೆ, ಗುಡ್ಡ ಕರಗಿ ಒಂದು ಮೂಲೆಗೆ ಬಂದುಬಿಡುತ್ತಿತ್ತು. ಗಲಾಟೆಗೆ ಓಡಾಡಲು ಜಾಗವಾಗುತ್ತಿತ್ತು. ‘ಎಷ್ಟು ಅಚ್ಚುಕಟ್ಟು’ ಎಂದು ಅಮ್ಮ ಮೆಚ್ಚುತ್ತಿದ್ದಳು. ಅದು ಯೋಚನೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಆ ಮನೆಯಲ್ಲಿ ಯೋಚನೆ ಎಂದರೆ ಕೂತು ಮಾಡುವ ಕೆಲಸ, ಅದಕ್ಕೊಂದು ಮೇಜು ಬೇಕು. ಇವಳು ನಿಂತು ಮಾಡುತ್ತಿದ್ದಳು.

ಲಾರಿ ತುಂಬುವಾಗಲೂ ಅವಳು ಇರುತ್ತಿದ್ದಳು, ಹಗ್ಗ ಕೊಡಲಿಕ್ಕೆ. ಅಪ್ಪ ಲಾರಿಯ ಹಿಂದೆ ನಿಂತು ಸೇನಾಪತಿಯ ಹಾಗೆ ಕೈ ಬೀಸುತ್ತಿದ್ದ. ಹಿರಿಯ ಹಮಾಲಿ, ಮಕ್ಕಳಿಗೆಲ್ಲ ಅವನು ಹಮಾಲಿ ಮಾವ, ಹಗ್ಗ ತೆಗೆದುಕೊಳ್ಳಲು ಅವಳ ಹತ್ತಿರ ಬಗ್ಗಿದಾಗ ಅವಳು ಮೆಲ್ಲಗೆ, ‘ಮಾವ, ಮೊದಲು ಮಂಚದ ಕಾಲು, ಅದರ ಸಂದಿಗೆ ಕುರ್ಚಿ ತಲೆಕೆಳಗಾಗಿ’ ಅನ್ನುತ್ತಿದ್ದಳು. ಅವನು ನೆಟ್ಟಗಾಗಿ, ‘ಯಜಮಾನ್ರೇ, ಮಂಚದ ಕಾಲು ಮೊದಲು ಅಂದ್ರಲ್ಲಾ?’ ಅನ್ನುತ್ತಿದ್ದ. ಅಪ್ಪ ತಾನು ಅಂದಿದ್ದೇನೋ ಇಲ್ಲವೋ ಎಂದು ಒಂದು ಚಣ ಯೋಚಿಸಿ, ಅಂದಿದ್ದೇ ಇರಬೇಕೆಂದು ತೀರ್ಮಾನಿಸಿ, ‘ಮತ್ತೆ? ಎಷ್ಟು ಸಲ ಹೇಳ್ಬೇಕು?’ ಎಂದು ಗದರುತ್ತಿದ್ದ. ಹೀಗೆ ಮೂವರೂ ಸುಖವಾಗಿದ್ದರು. ಎರಡು ಲಾರಿಯ ಸಾಮಾನನ್ನು ಒಂದರಲ್ಲಿ ಕೂರಿಸುವವನೆಂದು ಅಪ್ಪನಿಗೆ ಊರಲ್ಲಿ ಹೆಸರು ಬಂದಿತ್ತು. ಅವನು ಅದನ್ನು ವಿನಯದಿಂದ ಒಪ್ಪಿಕೊಂಡಿದ್ದ.

ಆ ವರ್ಷ ಊರಿನ ಮಕ್ಕಳ ಕೇಂದ್ರದಲ್ಲಿ, ವಿಶೇಷ ಪ್ರತಿಭೆಯ ಮಕ್ಕಳಿಗೆಂದು ಶನಿವಾರದ ತರಗತಿ ಶುರುವಾಯಿತು. ಪರೀಕ್ಷೆ ಮಾಡಿ ಆರಿಸುತ್ತಾರೆ ಎಂದು ಕೇಳಿದ್ದೇ ತಡ, ಅಪ್ಪ ಇಡೀ ಸಂಸಾರವನ್ನು ಒಳ್ಳೆಯ ಬಟ್ಟೆ ತೊಡಿಸಿ ಲಾರಿ ಹತ್ತಿಸಿದ. ಬುದ್ಧಿಯನ್ನು ಮುಂದಿನ ಸೀಟಿನಲ್ಲಿ, ಎರಡೂ ಕಡೆ ದಿಂಬು ಕೊಟ್ಟು, ಗಾಜಿನ ಸಾಮಾನಿನ ಹಾಗೆ ಕೂರಿಸಲಾಯಿತು.

ಅವನು ಒಳಗೆ ಪರೀಕ್ಷೆ ಬರೆಯುತ್ತಿದ್ದಾಗ ಸಹಾಯ ಹೊರಗಿನ ಹಜಾರದಲ್ಲಿ ಓಡಾಡಿದಳು. ಕೊನೆಯಲ್ಲಿ ಒಂದು ದೊಡ್ಡ ಗಾಜಿನ ಬಾಗಿಲು. ಆಚೆ ಕಂಡದ್ದನ್ನು ಅವಳು ಈಗಲೂ ನಿನ್ನೆ ಕಂಡಂತೆ ಹೇಳುತ್ತಾಳೆ: ಮಕ್ಕಳೆತ್ತರದ ಮೇಜುಗಳು, ಮರದ ತುಂಡುಗಳ ರಾಶಿ, ಸೂರಿನಿಂದ ಇಳಿಬಿಟ್ಟ ದಾರಗಳು, ಅರ್ಧ ಕಟ್ಟಿದ ಒಂದು ಸೇತುವೆ. ಅವಳ ವಯಸ್ಸಿನ ಒಬ್ಬಳು ಕಮಾನು ಕಟ್ಟುತ್ತಿದ್ದಳು, ಅದು ಬೀಳುತ್ತಿತ್ತು, ಅವಳು ನಗುತ್ತ ಮತ್ತೆ ಕಟ್ಟುತ್ತಿದ್ದಳು. ಎಲ್ಲರೂ ನಿಂತೇ ಕೆಲಸ ಮಾಡುತ್ತಿದ್ದರು. ಯಾರೂ ಅದನ್ನು ಅಚ್ಚುಕಟ್ಟು ಅನ್ನುತ್ತಿರಲಿಲ್ಲ. ಇವಳು ಗಾಜಿಗೆ ಮೂಗು ಒತ್ತಿ ನಿಂತಳು. ಕಮಾನು ಯಾಕೆ ಬೀಳುತ್ತಿದೆ ಎಂದು ಇವಳಿಗೆ ಗೊತ್ತಿತ್ತು, ಹೇಳಲು ಬಾಗಿಲು ಅಡ್ಡವಿತ್ತು. ಏನನ್ನೂ ಬೇಕೆಂದು ಕೇಳಿದವಳಲ್ಲ. ಅವತ್ತು ಆ ಕೋಣೆ ಬೇಕೆಂದು ಅನ್ನಿಸಿತು.

ಪರೀಕ್ಷೆಯ ಮೇಡಂ ಹೊರಗೆ ಬಂದು, ಹುಡುಗ ಬಹಳ ಚುರುಕು, ಮುಂದಿನ ಶನಿವಾರದಿಂದಲೇ ತರಗತಿಗೆ ಬರಲಿ ಎಂದರು. ಅಪ್ಪ ಇದು ತನಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದ. ಆಮೇಲೆ ಅವರು ಕೇಳಿದರು, ಇವನ ಒಡಹುಟ್ಟಿದವರು ಯಾರಾದರೂ ಇದ್ದಾರೆಯೇ? ಅವರನ್ನೂ ಕರೆತನ್ನಿ, ಒಂದು ಮನೆಯಲ್ಲಿ ಒಬ್ಬರಿದ್ದರೆ ಇನ್ನೊಬ್ಬರೂ ಇರುವುದು ಸಾಮಾನ್ಯ, ಬೇರೆ ಥರ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಮುಂದಿನ ಶನಿವಾರವೇ ಕೊನೆ, ಆಮೇಲೆ ಈ ವರ್ಷಕ್ಕೆ ಬಾಗಿಲು ಮುಚ್ಚುತ್ತೇವೆ.

ಅಪ್ಪ ನಕ್ಕ. “ತೊಂದ್ರೆ ತಗೋಬೇಡಿ ಮೇಡಂ. ನಮ್ಮನೇಲಿ ಆ ಖಾತೆ ಆಗ್ಲೇ ಹಂಚಿಯಾಗಿದೆ.”

ಹಜಾರದ ಕೊನೆಯಲ್ಲಿದ್ದ ಸಹಾಯಳಿಗೂ ಇದು ಕೇಳಿಸಿತು. ಅಪ್ಪನ ಮಾತು ಎಲ್ಲಿಗೂ ಕೇಳುತ್ತದೆ. ವಾಪಸು ಬರುವಾಗ ಲಾರಿಯಲ್ಲಿ ಅವಳು ಬಾಯಿ ಬಿಟ್ಟು ಕೇಳಿದಳು, ಮುಂದಿನ ಶನಿವಾರ ನಾನೂ ಆ ಪರೀಕ್ಷೆಗೆ ಕೂರಲಾ ಎಂದು. ಅಪ್ಪ ಸಿಟ್ಟಾಗಲಿಲ್ಲ. ಪ್ರೀತಿಯಿಂದಲೇ ಹೇಳಿದ, ನಿನಗ್ಯಾಕಮ್ಮಾ ಆ ತಲೆನೋವು, ಅವತ್ತು ಪಿಯಾನೋ ಟೀಚರಮ್ಮನ ಮನೆ ಸಾಗಿಸೋದಿದೆ, ಹಗ್ಗ ಯಾರು ಕೊಡ್ತಾರೆ? ಪ್ರೀತಿಯಿಂದ ಬೇಡ ಅಂದವರ ಹತ್ತಿರ ಜಗಳ ಆಡುವುದು ಕಷ್ಟ. ಅವಳು ಸುಮ್ಮನಾದಳು.

ಸುಮ್ಮನಾಗದೆ ಉಳಿದವನು ಅಣ್ಣ. ಪರೀಕ್ಷೆಯಲ್ಲಿ ಅವನಿಗೆ ಬಣ್ಣದ ಮರದ ತುಂಡುಗಳನ್ನು ಜೋಡಿಸುವ ಒಂದು ಭಾಗ ಇತ್ತು. ಅದನ್ನು ಅವನು ಮಾಡಿದ್ದು, ಶೆಡ್ಡಿನಲ್ಲಿ ತಂಗಿ ಪೆಟ್ಟಿಗೆ ಕೂರಿಸುವುದನ್ನು ನೆನಪಿಸಿಕೊಂಡು. ನೆನಪಿಸಿಕೊಂಡವನಿಗೇ ಇಷ್ಟು ಹೊಗಳಿಕೆಯಾದರೆ, ನೆನಪಿಗೆ ಬಂದವಳಿಗೆ ಇನ್ನೆಷ್ಟಾಗಬೇಕು ಎಂಬುದು ಅವನ ಲೆಕ್ಕ. ಲೆಕ್ಕದಲ್ಲಿ ಅವನು ತಪ್ಪುವವನಲ್ಲ. ಜೊತೆಗೆ ಒಂದು ಸ್ವಾರ್ಥವೂ ಇತ್ತು ಎಂದು ಅವನೇ ನಗುತ್ತ ಒಪ್ಪುತ್ತಾನೆ: ಮನೆಯಲ್ಲಿ ಇನ್ನೊಬ್ಬರು ಬುದ್ಧಿವಂತರಾದರೆ ತಾನು ಆಗಾಗ ಮೇಜಿನಿಂದ ಎದ್ದು ತಿಂಡಿ ತಿನ್ನಬಹುದು.

ಅವನು ಅಮ್ಮನ ಹತ್ತಿರ ಹೋಗಿ ಕೂತ. ಅಮ್ಮ ಒಂದು ಹೂದಾನಿ ಸುತ್ತುತ್ತ, ಕೇಳಿ ಮುಗಿಸಿ, ಪತ್ರಿಕೆಯ ಹಾಳೆ ಮಡಿಸಿಟ್ಟಳು. ಓದದೆಯೇ ಮಡಿಸಿದಳು ಎಂಬುದರಿಂದ ವಿಷಯದ ಗಾಂಭೀರ್ಯ ಗೊತ್ತಾಗಬೇಕು. “ನಿಮ್ಮಪ್ಪ ಬೇಡ ಅಂದಿದ್ದನ್ನ ಬೇಕು ಅನ್ನಿಸೋದು ಆಗಲ್ಲ,” ಅಂದಳು. “ಅವರೇ ಮೊದಲು ಬೇಕು ಅಂದಿರೋದು ಯಾವುದಾದ್ರೂ ಇದ್ರೆ ಅದನ್ನ ಹಿಡ್ಕೋ.”

ಶನಿವಾರ ಬೆಳಿಗ್ಗೆ ಅಣ್ಣ ಹೆಗಲಿಗೆ ಚೀಲ ಏರಿಸಿಕೊಂಡು ಹೊಸ್ತಿಲ ಬಳಿ ನಿಂತು, ಭುಜ ಹಿಡಿದುಕೊಂಡ. ಚೀಲ ಭಾರ, ಬಸ್ಸಿನಲ್ಲಿ ಹೊತ್ತುಕೊಂಡು ಹೋದರೆ ತಲೆಯಲ್ಲಿ ಏನೂ ನಿಲ್ಲುವುದಿಲ್ಲ, ಯಾರಾದರೂ ಹಿಡಿದುಕೊಳ್ಳಲು ಬೇಕು ಎಂದ. ಬುದ್ಧಿ ಭಾರ ಎತ್ತಬಾರದು ಎಂಬುದು ಅಪ್ಪನದೇ ಕಾನೂನು. ಅವನು ಅರೆಕ್ಷಣವೂ ಯೋಚಿಸಲಿಲ್ಲ. “ಏಯ್ ಸಹಾಯ, ನೀನು ಹೋಗು, ಅಣ್ಣನ ಚೀಲ ಹಿಡ್ಕೋ. ಹಗ್ಗ ಯಾರು ಬೇಕಾದ್ರೂ ಕೊಡ್ತಾರೆ.”

ಚೀಲದಲ್ಲಿ ಏನೂ ಇರಲಿಲ್ಲ, ಒಂದು ಚಾದರ ಬಿಟ್ಟರೆ.

ಹೊರಡುವ ಮೊದಲು ಸಹಾಯ ಹಮಾಲಿ ಮಾವನನ್ನು ಶೆಡ್ಡಿಗೆ ಕರೆದು, ಬೆಂಕಿಪೊಟ್ಟಣಗಳನ್ನು ಜೋಡಿಸಿ ತೋರಿಸಿದಳು. ಹಿಂದಿನ ದಿನ ಅಪ್ಪನ ಜೊತೆ ಟೀಚರಮ್ಮನ ಮನೆಗೆ ಹೋಗಿ ಎಲ್ಲ ನೋಡಿ ಬಂದಿದ್ದಳು. ಮೊದಲು ಪಿಯಾನೋ, ಮುಂದಿನ ಸೀಟಿನ ಹಿಂದಿರುವ ಗೋಡೆಗೆ ಬೆನ್ನು ಕೊಟ್ಟು. ಅದರ ಮುಂದೆ ಬೀರು ಮಲಗಿಸಿ. ಬೀರಿನ ಮೇಲೆ ಮಂಚ. ಮಾವ ಪೊಟ್ಟಣಗಳನ್ನು ನೋಡಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡ. ಅವಳು ಬಸ್ಸು ಹತ್ತಿದಳು, ಆದರೆ ಕಿಟಕಿಯಿಂದ ಹಿಂದಕ್ಕೇ ನೋಡುತ್ತಿದ್ದಳಂತೆ.

ಇಲ್ಲಿ ಎಡವಟ್ಟಾದದ್ದು ಮಾವನ ನೆನಪಿನಿಂದಲ್ಲ, ನೆನಪು ಚೆನ್ನಾಗಿಯೇ ಇದ್ದದ್ದರಿಂದ. ಟೀಚರಮ್ಮನ ಮನೆ ಮುಂದೆ ಲಾರಿ ನಿಂತ ಕೂಡಲೇ ಅವನು ಪಿಯಾನೋದಿಂದ ಹಿಡಿದು ಕೊನೆಯ ಕುಂಡದವರೆಗೆ ಇಡೀ ಯೋಜನೆಯನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ. ಅಪ್ಪ ತನಗೆ ಇನ್ನೇನು ಹೊಳೆಯಲಿದೆ ಎನ್ನುವಾಗ ಬಂದ ಸಲಹೆಯನ್ನು ಮಾತ್ರ ಸ್ವೀಕರಿಸುವವನು. ಇಷ್ಟೊಂದು ಹೊಳೆಯುವುದಕ್ಕೆ ಅವನು ಇನ್ನೂ ಶುರುವೇ ಮಾಡಿರಲಿಲ್ಲ. ‘ಯಾರಯ್ಯ ಇಲ್ಲಿ ಯಜಮಾನ?’ ಎಂದು ಕೇಳಿದ. ಪಿಯಾನೋ ಅತಿ ಮುಖ್ಯವಾದ ಸಾಮಾನು, ಅದು ಗೌರವದಿಂದ ಎಲ್ಲಕ್ಕಿಂತ ಕೊನೆಗೆ ಏರಬೇಕು ಎಂದು ಅಪ್ಪಣೆಯಾಯಿತು.

ಗೌರವದ ಹೊತ್ತು ಬಂದಾಗ ಲಾರಿಯಲ್ಲಿ ಜಾಗವೇ ಇರಲಿಲ್ಲ. ಇಳಿಸಿದರು. ಬೇರೆ ಥರ ತುಂಬಿದರು. ಪಿಯಾನೋ ಹಿಡಿಸಿತು, ಬೀರು ಮತ್ತು ಮಂಚ ರಸ್ತೆಯಲ್ಲಿ ಉಳಿದವು. ಮತ್ತೆ ಇಳಿಸಿದರು. ಈ ಸಲ ಬೀರು ಹಿಡಿಸಿತು. ಪಿಯಾನೋ, ಊಟದ ಮೇಜು, ಕುರ್ಚಿಗಳೆಲ್ಲ ಹೊರಗೆ ನಿಂತು ಒಳಗಿದ್ದವನ್ನು ನೋಡುತ್ತಿದ್ದವು. ಬೀದಿಯ ಜನ ಬಾಗಿಲಿಗೆ ಬಂದರು. ಎರಡು ಲಾರಿಯದನ್ನು ಒಂದಕ್ಕೆ ತುಂಬುವ ಮನುಷ್ಯ ಇವತ್ತು ಒಂದು ಲಾರಿಯದನ್ನು ಎರಡಕ್ಕೆ ತುಂಬುವ ಹಾಗೆ ಕಾಣುತ್ತಿದ್ದ. ಟೀಚರಮ್ಮ ಕಾದು ಕಾದು, ಪಾದಚಾರಿ ದಾರಿಯ ಮೇಲೆ ನಿಂತಿದ್ದ ತನ್ನ ಪಿಯಾನೋದ ಮುಂದೆ ಸ್ಟೂಲು ಹಾಕಿಕೊಂಡು, ಬೆರಳು ಜಡವಾಗದಿರಲಿ ಎಂದು ನುಡಿಸಲು ಕೂತರು. ಜನ ಉಳಿದ ಕುರ್ಚಿಗಳ ಮೇಲೆ ಆರಾಮಾಗಿ ಕೂತು ಕೇಳತೊಡಗಿದರು. ಇನ್ನು ಆ ಕುರ್ಚಿಗಳನ್ನು ತುಂಬುವ ಮಾತೇ ಇಲ್ಲ.

ಅಪ್ಪ ಬೆವರು ಒರೆಸಿಕೊಂಡು, ಇವತ್ತೇನಾಗಿದೆ ಈ ಲಾರಿಗೆ, ಕುಗ್ಗಿದೆಯಾ ಎಂದು ಕೇಳಿದ. ಹಮಾಲಿ ಮಾವ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಕೊಡವಿದ. ಮುಖ್ಯವಾದದ್ದು ಹೇಳುವಾಗ ಅವನು ಹಾಗೆ ಮಾಡುತ್ತಿದ್ದ.

“ಯಜಮಾನ್ರೇ, ಲಾರಿ ಅಷ್ಟೇ ಇದೆ. ಇಷ್ಟು ದಿನ ತುಂಬಿದ್ದು ನೀವಲ್ಲ. ನಾನೂ ಅಲ್ಲ.”

“ಮತ್ಯಾರು?”

“ಹಗ್ಗ ಕೊಡೋಳು.”

ಅಪ್ಪ ಲಾರಿ ಹತ್ತಿದ. ಬೀರು ಒಳಗೇ ಇತ್ತು, ಹಿಂದೆ ಇಬ್ಬರು ಹಮಾಲಿಗಳು ಅದನ್ನು ತಬ್ಬಿಕೊಂಡು ನಿಂತಿದ್ದರು. ಮಾವ ಪಕ್ಕದ ಸೀಟಿನಲ್ಲಿ. ಆಗ ಅಪ್ಪನ ತಲೆಯಲ್ಲಿ ಇದ್ದದ್ದು ಒಂದೇ: ಹುಡುಗಿಯನ್ನು ಎಲ್ಲಿದ್ದಳೋ ಅಲ್ಲಿಂದ ಎತ್ತಿಕೊಂಡು ಬಂದು ಲಾರಿಯ ಹಿಂದೆ ನಿಲ್ಲಿಸಬೇಕು. ಮಕ್ಕಳ ಕೇಂದ್ರದ ಮೆಟ್ಟಿಲನ್ನು ದಡಬಡ ಹತ್ತಿ, ಹಜಾರದಲ್ಲಿ “ಎಲ್ಲಿ ನಮ್ಮ ಹುಡುಗಿ?” ಎಂದು ಕೂಗಿಕೊಂಡೇ ನಡೆದ.

ಒಂದು ಮುಚ್ಚಿದ ಕೋಣೆಯ ಮುಂದೆ ಅವನ ಮಗ ನಿಂತಿದ್ದ. ತರಗತಿಯ ನಡುವೆ ಕೇಳಿಕೊಂಡು ಎದ್ದು ಬಂದು ಕಾವಲು ನಿಂತಿದ್ದನಂತೆ. ತಂದೆ ಬರುತ್ತಿರುವುದನ್ನು ನೋಡಿ ಅವನು ತೋರುಬೆರಳನ್ನು ಮೂಗಿನ ಮುಂದೆ ನೆಟ್ಟಗೆ ಎತ್ತಿದ.

“ಸದ್ದು,” ಅಂದ. “ಒಳಗೆ ಯೋಚನೆ ಮಾಡ್ತಾ ಇದಾಳೆ.”

ತಾನೇ ಹುಟ್ಟಿಸಿದ ಬೆರಳು. ಎಷ್ಟೋ ವರ್ಷ ಅದರ ಕೆಳಗೆ ಇಡೀ ಮನೆಯನ್ನು ತುದಿಗಾಲಲ್ಲಿ ನಡೆಸಿದವನು ತಾನೇ. ಅಪ್ಪನ ಕಾಲು, ತಲೆಯನ್ನು ಕೇಳದೆಯೇ, ತುದಿಗಾಲಾಯಿತು. ಬಾಗಿಲಿನ ಗಾಜಿನ ಕಿಂಡಿಯಿಂದ ಒಳಗೆ ಇಣುಕಿದ. ಮೇಡಂ ಒಂದು ಕಡೆ ಕೂತಿದ್ದರು. ಮಗಳು ಮೇಜಿನ ಮುಂದೆ ನಿಂತಿದ್ದಳು, ಕೈ ಕಟ್ಟಿಕೊಂಡು, ಮರದ ತುಂಡುಗಳನ್ನು ನೋಡುತ್ತ. ಕುರ್ಚಿ ಇತ್ತು, ಕೂತಿರಲಿಲ್ಲ. ಈ ಭಂಗಿಯನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಅವನಿಗೆ ಅನ್ನಿಸಿತು. ದಿನಾ ನೋಡಿದ್ದ, ಲಾರಿಯ ಹಿಂದೆ. ಹಗ್ಗ ಕೊಡಲು ಕಾಯುತ್ತ ನಿಂತಿದ್ದಾಳೆ ಎಂದುಕೊಂಡಿದ್ದ.

ಬಾಗಿಲು ತಳ್ಳಿದ್ದರೆ ತೆರೆಯುತ್ತಿತ್ತು. ಬೀದಿಯಲ್ಲಿ ಟೀಚರಮ್ಮನ ಪಿಯಾನೋ ಬಿಸಿಲಿಗೆ ನಿಂತಿತ್ತು. ಊರೆಲ್ಲ ಕೂತು ನೋಡುತ್ತಿತ್ತು. ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಆ ಪಿಯಾನೋದ ಪಕ್ಕದಲ್ಲೇ ಬಿದ್ದಿತ್ತು. ಪರೀಕ್ಷೆಯ ನಡುವೆ ಎಬ್ಬಿಸಿದರೆ ಈ ವರ್ಷಕ್ಕೆ ಮುಗಿಯಿತು ಎಂದು ಮಗ ಪಿಸುಗುಟ್ಟಿದ. ಅಪ್ಪ ಬಾಗಿಲ ಹಿಡಿಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದ. ಗೋಡೆಯ ಬಳಿ ಮಕ್ಕಳು ಕೂರುವ ಗಿಡ್ಡ ಸ್ಟೂಲು ಇತ್ತು. ಮೊಣಕಾಲು ಗದ್ದಕ್ಕೆ ತಾಗುವಂತೆ ಅದರ ಮೇಲೆ ಕೂತ. ಹಮಾಲಿ ಮಾವ ಮೆಟ್ಟಿಲ ತುದಿಯಿಂದ ‘ಯಜಮಾನ್ರೇ’ ಅನ್ನಲು ಬಾಯಿ ತೆರೆದಾಗ, ಅವನಿಗೆ ಯಜಮಾನನ ಬೆರಳು ಕಾಣಿಸಿತು.

ಆ ಹಜಾರದಲ್ಲಿ ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಅಪ್ಪನ ಮಟ್ಟಿಗೆ ಅದೊಂದು ದಾಖಲೆ.

ಬಾಗಿಲು ತೆರೆದು ಮೇಡಂ ಹೊರಗೆ ಬಂದಾಗ ಅವರ ಮುಖವೇ ಫಲಿತಾಂಶದಂತಿತ್ತು. ಕಟ್ಟಿದ್ದನ್ನು ಬಿಚ್ಚಿ ಇನ್ನೊಂದು ರೀತಿ ಕಟ್ಟಲು ಆಗುತ್ತದೆಯೇ ಎಂದು ಸುಮ್ಮನೆ ಕೇಳಿದರೆ, ಎಷ್ಟು ರೀತಿ ಬೇಕು ಎಂದು ಕೇಳಿದಳಂತೆ. ಇವಳಿಗೂ ತರಗತಿಯಲ್ಲಿ ಜಾಗವಿದೆ, ಇವತ್ತಿನಿಂದಲೇ ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, ಈ ಹುಡುಗಿ ಇಂಥವಳೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವೇ ಎಂದು ವಿಚಾರಿಸಿದರು. ಅಪ್ಪ ಮಗನನ್ನು ನೋಡಿದ, ಮಾವನನ್ನು ನೋಡಿದ.

ಸಹಾಯ ಹಜಾರದ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಕೆಳಗೆ ಲಾರಿ, ಲಾರಿಯಲ್ಲಿ ನೆಟ್ಟಗೆ ನಿಂತ ಬೀರು. ಅವಳಿಗೆ ಎಲ್ಲ ಅರ್ಥವಾಯಿತು. “ಪಿಯಾನೋ ಕೊನೆಗೆ ಹಾಕಿದ್ರಾ?” ಎಂದು ಕೇಳಿದಳು.

ಅಪ್ಪ ಸ್ಟೂಲಿನಿಂದ ಎದ್ದ. ಮೇಡಂ, ಮಗ, ಹಮಾಲಿ ಮಾವ, ಹಜಾರದಲ್ಲಿದ್ದ ಬೇರೆ ತಂದೆತಾಯಂದಿರು, ಎಲ್ಲರಿಗೂ ಕೇಳುವಂತೆ, ತನ್ನ ಎಂದಿನ ದನಿಯಲ್ಲೇ ಕೇಳಿದ. “ಎಲ್ಲಿ ಇಡಬೇಕಮ್ಮಾ ಅದನ್ನ? ನೀನೇ ಹೇಳು.”

ಅವಳು ಅಲ್ಲಿಯೇ ಹೇಳಲಿಲ್ಲ. ತರಗತಿ ಇನ್ನೂ ಇದೆಯಲ್ಲ, ಮುಗಿಸಿಕೊಂಡು ಬರಲಾ ಎಂದು ಕೇಳಿದಳು. ಜೀವನದಲ್ಲಿ ಅವಳು ಅಪ್ಪನಿಗೆ ಕಾಯಲು ಹೇಳಿದ್ದು ಅದೇ ಮೊದಲು. ಅಪ್ಪ ಮತ್ತೆ ಗಿಡ್ಡ ಸ್ಟೂಲಿನ ಮೇಲೆ ಕೂತ. ಗಾಜಿನ ಬಾಗಿಲಿನ ಆಚೆ ಅವಳು ಹೋದದ್ದೇ ಆ ಬೀಳುವ ಕಮಾನಿನ ಹುಡುಗಿಯ ಬಳಿಗೆ.

ಸಂಜೆ ಬಿಸಿಲಿನಲ್ಲಿ ಲಾರಿ ಮತ್ತೆ ಟೀಚರಮ್ಮನ ಬೀದಿಗೆ ಬಂದಾಗ ಅಲ್ಲಿ ಸಂತೋಷ ಕೂಟವೇ ನಡೆದಿತ್ತು. ಪಕ್ಕದ ಮನೆಯವರು ಚಹಾ ಮಾಡಿ ತಂದಿದ್ದರು, ಊಟದ ಮೇಜು ಕೆಲಸಕ್ಕೆ ಬಂದಿತ್ತು, ಟೀಚರಮ್ಮ ಕೇಳಿದವರಿಗೆ ಕೇಳಿದ್ದನ್ನು ನುಡಿಸುತ್ತಿದ್ದರು. ಹುಡುಗಿ ಲಾರಿಯ ಹಿಂದೆ ನಿಂತು ಈ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅವಳು ಒಂದು ಮಾತು ಹೇಳಿದರೆ ಅಪ್ಪ ಅದನ್ನೇ ಮೂರು ಪಟ್ಟು ದನಿಯಲ್ಲಿ ಹಮಾಲಿಗಳಿಗೆ ಕೂಗುತ್ತಿದ್ದ. ಮಾವ ಮಾಡುತ್ತಿದ್ದ ಕೆಲಸ ಈಗ ಯಜಮಾನನಿಗೆ ಬಂದಿತ್ತು, ಮತ್ತು ಅವನು ಅದನ್ನು ಮಾವನಿಗಿಂತ ಜೋರಾಗಿ ಮಾಡಿದ. ಪಿಯಾನೋ ಎತ್ತುವಾಗಲೂ ಟೀಚರಮ್ಮ ಸ್ಟೂಲು ಬಿಟ್ಟು ಎದ್ದು, ಜೊತೆಯಲ್ಲಿ ನಡೆಯುತ್ತ, ಒಂದು ಕೈಯಲ್ಲಿ ಹಾಡು ಮುಗಿಸಿಯೇ ಬಿಟ್ಟರು. ಎಲ್ಲ ಏರಿದ ಮೇಲೆ ಲಾರಿಯ ಹಿಂಬದಿಯಲ್ಲಿ ಇಬ್ಬರು ಕಾಲು ಚಾಚಿ ಕೂರುವಷ್ಟು ಜಾಗ ಉಳಿದಿತ್ತು. ಅಣ್ಣ ತಂಗಿ ಅಲ್ಲಿ ಕೂತು ಹೋದರು, ಖಾಲಿ ಚೀಲವನ್ನು ನಡುವೆ ಇಟ್ಟುಕೊಂಡು.

ಮಾರನೆಯ ದಿನ ಅಪ್ಪ ಕಿಟಕಿಯ ಕೆಳಗಿದ್ದ ಮೇಜನ್ನು ಎಳೆದು ಕೋಣೆಯ ನಡುವೆ ಹಾಕಲು ನೋಡಿದ, ಸುತ್ತಲೂ ಕೂರಬಹುದು ಎಂದು. ಅದು ಮನೆಯ ಬೀರಿಗೆ ತಗುಲಿ ಸಿಕ್ಕಿಕೊಂಡಿತು. ಬಿಡಿಸಿದವಳು ಯಾರೆಂದು ಹೇಳಬೇಕಾಗಿಲ್ಲ. ಕ್ಷಮೆ ಗಿಮೆ ಅಪ್ಪ ಯಾರ ಹತ್ತಿರವೂ ಕೇಳಲಿಲ್ಲ; ಅದರ ಬದಲು ಕಪ್ಪು ಬಣ್ಣದ ಡಬ್ಬಿಯನ್ನೂ ಬ್ರಷ್ಷನ್ನೂ ಮಗಳ ಕೈಗೆ ಕೊಟ್ಟ. ಅವಳು ಪೆಟ್ಟಿಗೆ ತುಂಬಿದ ಮೇಲೆ ಒಳಗೆ ನೋಡಿ ಬರೆಯುತ್ತಿದ್ದಳು: ‘ಪುಸ್ತಕ, ಚಮಚ, ಗಡಿಯಾರ, ಅಜ್ಜನ ಟೋಪಿ.’ ಹಮಾಲಿಗಳು ನಿಂತು ಓದಿದರು. ಯಾರ ಸೊಂಟವೂ ಹಿಡಿಯಲಿಲ್ಲ.

ಆದರೆ ಮನುಷ್ಯ ಪೂರ್ತಿ ಬದಲಾದ ಎಂದರೆ ನೀವು ನಂಬಬಾರದು. ತಿಂಗಳೊಳಗೆ ಅವನು ಪ್ರತಿಭೆ ಗುರುತಿಸುವ ವಿಷಯದಲ್ಲಿ ಊರಿಗೇ ತಜ್ಞನಾದ. ಮಗಳ ಶಕ್ತಿ ತನಗೆ ತೊಟ್ಟಿಲಲ್ಲೇ ತಿಳಿದಿತ್ತೆಂದೂ, ಜನಕ್ಕೆ ಮನವರಿಕೆಯಾಗಲಿ ಎಂದೇ ಅವತ್ತು ಬೇಕಂತಲೇ ಪಿಯಾನೋ ಹೊರಗೆ ಬಿಟ್ಟಿದ್ದೆಂದೂ ಹೇಳಿಕೊಂಡು ತಿರುಗಿದ. ಸಾಮಾನು ಸಾಗಿಸಲು ಹೋದ ಮನೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದ. ಗಲಾಟೆಯನ್ನೂ ಕೇಂದ್ರಕ್ಕೆ ಕರೆದೊಯ್ದು ಪರೀಕ್ಷೆಗೆ ಕೂರಿಸಿದ. ಮೇಡಂ ಒಂದು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಅವಳು ಕೇಂದ್ರದ ಕರೆಗಂಟೆಯನ್ನು ಬಿಚ್ಚಿ ಮಡಿಲಲ್ಲಿ ಹರಡಿಕೊಂಡಿದ್ದಳು. ಮತ್ತೆ ಜೋಡಿಸಿದಾಗ ಅದು ಮೊದಲಿಗಿಂತ ಇಂಪಾಗಿ ಕೂಗಿತು. ಅವಳು ಈಗ ಎಲಿವೇಟರ್ ರಿಪೇರಿ ಮಾಡುತ್ತಾಳೆ; ಗಲಾಟೆ ಕಡಿಮೆಯಾಗಿಲ್ಲ.

ಅಣ್ಣ ಲೆಕ್ಕದ ಮೇಷ್ಟರಾದ. ತನ್ನ ಕೈಚೀಲದಲ್ಲಿ ಛತ್ರಿ ಎಲ್ಲಿಡಬೇಕೆಂದು ಇಂದಿಗೂ ತಂಗಿಗೆ ಫೋನು ಮಾಡಿ ಕೇಳುತ್ತಾನೆ. ತಂಗಿ ಓದಿ, ಬಂದರಿನ ಕಚೇರಿಯಲ್ಲಿ ಹಡಗಿನೊಳಗೆ ಯಾವ ಸರಕು ಎಲ್ಲಿ ಕೂರಬೇಕೆಂದು ನಿರ್ಧರಿಸುವ ಕೆಲಸ ಮಾಡಿ, ಒಂದು ದಿನ ಅದನ್ನು ಬಿಟ್ಟು ಅಪ್ಪನ ಲಾರಿಗೇ ಬಂದಳು. ಯಾಕೆಂದು ನಾನು ಕೇಳಿದ್ದೆ. “ಹಡಗಲ್ಲಿ ಬರೀ ಡಬ್ಬಿ ಕಾಣುತ್ತೆ,” ಅಂದರು ಲಾರಿ ಅಕ್ಕ. “ಇಲ್ಲಿ ಮನೆ ಕಾಣುತ್ತೆ.” ಶನಿವಾರ ಮಾತ್ರ ಅವರು ಲಾರಿ ಮುಟ್ಟುವುದಿಲ್ಲ. ಗಾಜಿನ ಬಾಗಿಲಿನ ಆ ಕೋಣೆಯಲ್ಲಿ ಮೇಡಂ ಆಗಿರುತ್ತಾರೆ, ಮಕ್ಕಳ ಕಮಾನು ಬಿದ್ದರೆ ನಗುತ್ತಾರೆ, ಮತ್ತು ಬಂದ ಪ್ರತಿ ಮಗುವನ್ನೂ ಮೊದಲು ಕೇಳುತ್ತಾರಂತೆ: ಮನೇಲಿ ಇನ್ಯಾರಿದಾರೆ?

ಈಗ ನಮ್ಮ ಭಾವನ ವಿಷಯ. ಅವರು ಅಳತೆಪಟ್ಟಿಯನ್ನು ಸರ್ರನೆ ಎಳೆದು, ಲಾರಿಯ ಹಿಂದೆ ಕೈಕಟ್ಟಿ ನಿಂತ ಅಕ್ಕನ ಬಳಿಗೆ ಹೋಗಿ, ‘ನೋಡಮ್ಮಾ, ಈ ಬೀರು ಇದೆಯಲ್ಲ’ ಎಂದು ಶುರು ಮಾಡಿದರು. ಸ್ಟೂಲಿನ ಮೇಲಿದ್ದ ಮುದುಕರು ತಲೆ ಎತ್ತಿದರು. ತೋರುಬೆರಳನ್ನು ಮೂಗಿನ ಮುಂದೆ ನೆಟ್ಟಗೆ ನಿಲ್ಲಿಸಿದರು.

“ಸದ್ದು,” ಅಂದರು, ಬೀದಿಯ ಆ ತುದಿಗೂ ಕೇಳುವ ಪಿಸುದನಿಯಲ್ಲಿ. “ಯೋಚನೆ ಮಾಡ್ತಾ ಇದಾಳೆ.”

ದೊಡ್ಡ ಕಚೇರಿಯನ್ನು ಆಳಿದ ನಮ್ಮ ಭಾವ ಅಳತೆಪಟ್ಟಿ ಸುತ್ತಿಕೊಂಡು, ತುದಿಗಾಲಲ್ಲಿ ಹಿಂದಕ್ಕೆ ಬಂದು, ನನ್ನ ಪಕ್ಕ ನಿಂತರು. ಬೀರು ಒಂದೇ ಲಾರಿಯಲ್ಲಿ ಹೋಯಿತು. ಅದರ ಪಕ್ಕದಲ್ಲಿ ಉಳಿದ ಜಾಗದಲ್ಲಿ ಭಾವನನ್ನೂ ಕೂರಿಸಲಾಯಿತು.